ಇಪ್ಪತ್ತೆರಡರ ಜಾಗದಲ್ಲಿ ಆರು

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಅಳತೆಯಮ್ಮ ಎಂದೇ ಕರೆಯುತ್ತಿದ್ದರು. ಮಹಡಿಯ ಗಾಜಿನ ಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಯಂತ್ರಗಳ ನಕ್ಷೆ ಬರೆಯುವುದು, ಪ್ರತಿ ಗೆರೆಗೂ ಅಳತೆ ಹಾಕುವುದು ಅವಳ ಕೆಲಸ. ಅದರಲ್ಲಿ ಅವಳದೊಂದು ಹಟ: ಸಂಖ್ಯೆಯನ್ನು ತಾನಾಗಿ ಟೈಪ್ ಮಾಡುತ್ತಿರಲಿಲ್ಲ. ಗೆರೆಯ ಈ ತುದಿ ಒತ್ತಿ, ಆ ತುದಿ ಒತ್ತಿದರೆ ಎರಡು ಬಾಣಗಳ ನಡುವೆ ಸಂಖ್ಯೆ ತಾನೇ ಮೂಡುತ್ತದೆ. ಗೆರೆ ಉದ್ದವಾದರೆ ಸಂಖ್ಯೆಯೂ ಬದಲಾಗುತ್ತದೆ. ಬೇಕೆಂದರೆ ಆ ಸಂಖ್ಯೆ ಅಳಿಸಿ ಬೇರೆ ಬರೆಯಲೂ ಬರುತ್ತದೆ. ಆಮೇಲೆ ಗೆರೆ ಎಷ್ಟಿದ್ದರೂ ನಕ್ಷೆ ಹೇಳುವುದು ಬರೆದದ್ದನ್ನೇ. "ಅದು ಮಗುವಿಗೆ ಪಕ್ಕದ ಮನೆಯವನ್ನ ಅಪ್ಪ ಅಂತ ತೋರಿಸಿದ ಹಾಗೆ" ಎಂದು ಅವಳು ನಗುತ್ತಿದ್ದಳು.

ಕೆಳಗೆ ತಗಡು ಒತ್ತುವ ನಾಲ್ಕು ಪ್ರೆಸ್‌ಗಳಿದ್ದವು. ಮೊದಲನೆಯದರಲ್ಲಿ ಅವಳ ಅಣ್ಣ ಕೆಲಸ ಮಾಡುತ್ತಿದ್ದ. ಕೈ ಒಳಗೆ ಹೋಗದಿರಲೆಂದು ಪ್ರತಿ ಪ್ರೆಸ್ಸಿನ ಮುಂದೆಯೂ ಒಂದು ಗಾರ್ಡ್, ಅದರಲ್ಲಿ ತಗಡು ತೂರಿಸುವಷ್ಟು ಸಂದು. ಗಾರ್ಡಿನ ನಕ್ಷೆ ಅವಳದೇ. ಸಂದಿಗೆ ಅವಳು ಮೊದಲು ಆರು ಮಿಲಿಮೀಟರ್ ಇಟ್ಟಿದ್ದಳು. ತಗಡು ಬೇಗ ಹೋಗುವುದಿಲ್ಲ, ಅಗಲ ಮಾಡು ಎಂದು ಮ್ಯಾನೇಜರ್ ಹೇಳಿದ ಮೇಲೆ ಇಪ್ಪತ್ತೆರಡು ಮಾಡಿದಳು.

"ಬೆರಳು ಹೋಗುತ್ತೆ ಸಾರ್" ಎಂದಿದ್ದಳು ಆಗ.

"ಬೆರಳು ಯಾಕಮ್ಮ ಹಾಕ್ತಾರೆ? ನಾವು ಸಂಬಳ ಕೊಡೋದು ತಗಡು ಹಾಕೋಕೆ."

ಕೋಣೆಯಲ್ಲಿದ್ದವರೆಲ್ಲ ನಕ್ಕಿದ್ದರು. ಅವಳೂ ನಕ್ಕಿದ್ದಳು.

ಅಣ್ಣನ ಬಲಗೈಯ ನಾಲ್ಕು ಬೆರಳು ಹೋದ ಮೇಲೆ ಆ ಪ್ರೆಸ್ಸಿನ ಸಂದಿಗೆ ಒಂದು ಕಬ್ಬಿಣದ ಪಟ್ಟಿ ಬೆಸುಗೆ ಹಾಕಿ ಆರಕ್ಕೆ ಇಳಿಸಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ಈ ಕಾರ್ಖಾನೆಯವರನ್ನು ಮೀರಿಸುವವರಿಲ್ಲ. ಮ್ಯಾನೇಜರ್ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ.

"ನಾಳೆ ತನಿಖೆಯವರು ಬರ್ತಾರಮ್ಮ. ನಕ್ಷೆ ಕೇಳ್ತಾರೆ. ಇಪ್ಪತ್ತೆರಡು ಅನ್ನೋ ಕಡೆ ಆರು ಅಂತ ಮಾಡಿಬಿಡು."

"ಹಾಗಾದ್ರೆ ಗೆರೆನೂ ಸರಿಮಾಡ್ತೀನಿ ಸಾರ್. ನಾಲ್ಕಕ್ಕೂ ಹೊಸ ಗಾರ್ಡ್ ಮಾಡಿಸಿ."

"ಅದಕ್ಕೆಲ್ಲ ಈಗ ಪುರುಸೊತ್ತೆಲ್ಲಿದೆ? ಸಂಖ್ಯೆ ಒಂದು ಸಾಕು."

"ಹಂಗಂದ್ರೆ ಗಾರ್ಡ್ ಸರಿ ಇತ್ತು, ಅಣ್ಣಂದೇ ತಪ್ಪು ಅಂತ ಆಗುತ್ತಲ್ಲ."

ಅವರು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. "ನಿಮ್ಮತ್ತಿಗೆಗೆ ಇಲ್ಲೇ ಕಾಯಂ ಕೆಲಸ ಕೊಡ್ತೀವಿ. ಮನೆಯವರನ್ನ ಕೇಳಿ ನೋಡು."

ಅವಳು ಸಿಟ್ಟಿನಲ್ಲೇ ಅಣ್ಣನ ಮನೆಗೆ ಹೋದಳು. ಅಣ್ಣ ಬೈಯುತ್ತಾನೆ, ಆ ಬೈಗುಳವನ್ನು ಹಾಗೇ ತಂದು ಮ್ಯಾನೇಜರಿಗೆ ಒಪ್ಪಿಸಬಹುದು ಎಂದುಕೊಂಡಿದ್ದಳು. ಅವನು ಗೋಡೆಗೆ ಒರಗಿ ಎಡಗೈಯಲ್ಲಿ ಚಮಚ ಹಿಡಿದು ಅನ್ನದ ಜೊತೆ ಗುದ್ದಾಡುತ್ತಿದ್ದ. ಅರ್ಧ ಅನ್ನ ಮಡಿಲಿಗೆ ಬಿದ್ದಿತ್ತು. ಅತ್ತಿಗೆ ತಿನ್ನಿಸಲು ಬಂದರೆ ಕಣ್ಣಲ್ಲೇ ಗದರಿಸುತ್ತಿದ್ದ. ಎಲ್ಲ ಕೇಳಿದ ಮೇಲೆ ಚಮಚ ಕೆಳಗಿಟ್ಟ.

"ಮಾಡಿಕೊಡು" ಎಂದ.

"ಅಣ್ಣ, ನಿಂದೇ ತಪ್ಪು ಅಂತ ಬರೀತಾರೆ."

"ಬರ್ಕೊಳ್ಳಲಿ ಬಿಡೆ. ಕೈ ಕೆಸರಾದ್ರೆ ಬಾಯಿ ಮೊಸರು ಅಂತ ಅಲ್ಲಿ ಗೋಡೆ ಮೇಲೆ ಬರ್ಸಿದಾರಲ್ಲ? ನಂಗೀಗ ಕೆಸರು ಮಾಡ್ಕೊಳ್ಳೋಕೂ ಕೈಯಿಲ್ಲ. ಇವಳ ಕೈಯಾದ್ರೂ ಆಗಲಿ."

ಅತ್ತಿಗೆ ತಲೆ ತಗ್ಗಿಸಿ ಅವನ ಮಡಿಲ ಅನ್ನ ಆರಿಸುತ್ತಿದ್ದಳು. ಬೇಡ ಎನ್ನಲಿಲ್ಲ.

ಮರುದಿನ ಬೆಳಗ್ಗೆ ಅಳತೆಯಮ್ಮ ನಕ್ಷೆ ತೆರೆದಳು. ಸಂಖ್ಯೆಯ ಮೇಲೆ ಎರಡು ಸಲ ಒತ್ತಿ, ಅಳಿಸಿ, ಆರು ಎಂದು ಬರೆದಳು. ಗೆರೆ ಅಲುಗಾಡಲಿಲ್ಲ, ಬಾಣಗಳು ಇದ್ದ ಜಾಗದಲ್ಲೇ ಇದ್ದವು. ಅವಳಿಗೆ ನಾಚಿಕೆಯಾಯಿತು. ಇನ್ನು ಅಣ್ಣನ ಮನೆಯ ಒಲೆ ಉರಿಯುತ್ತದಲ್ಲ ಎಂದು ಸಮಾಧಾನವೂ ಆಯಿತು. ಆ ಸಮಾಧಾನ ಆದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ತನಿಖೆಯವರು ಬಂದರು. ಅಪಘಾತವಾದ ಪ್ರೆಸ್ಸಿನ ಸಂದು ಅಳೆದರು, ಆರು. ನಕ್ಷೆ ನೋಡಿದರು, ಆರು. ಕೆಲಸಗಾರನ ಅಜಾಗರೂಕತೆ ಎಂದು ಬರೆದು, ಟೀ ಕುಡಿದು ಹೋದರು. ಉಳಿದ ಮೂರು ಪ್ರೆಸ್‌ಗಳ ಕಡೆ ತಲೆ ಹಾಕಲಿಲ್ಲ.

ಮ್ಯಾನೇಜರ್ ಕೊಟ್ಟ ಮಾತಿಗೆ ತಪ್ಪಲಿಲ್ಲ, ಅದನ್ನು ಒಪ್ಪಲೇಬೇಕು. ಮುಂದಿನ ವಾರ ಅತ್ತಿಗೆ ಕೆಲಸಕ್ಕೆ ಬಂದಳು. ಪ್ಯಾಕಿಂಗಿಗೆ ಹಾಕುತ್ತಾರೆ ಎಂದು ಅಳತೆಯಮ್ಮ ತನ್ನಷ್ಟಕ್ಕೆ ತಾನೇ ಅಂದುಕೊಂಡಿದ್ದಳು, ಯಾರನ್ನೂ ಕೇಳಿರಲಿಲ್ಲ. ಗಾಜಿನಿಂದ ಕೆಳಗೆ ನೋಡಿದರೆ ಅತ್ತಿಗೆ ಎರಡನೇ ಪ್ರೆಸ್ಸಿನ ಮುಂದೆ ನಿಂತಿದ್ದಳು.

ಅಳತೆಯಮ್ಮ ಮ್ಯಾನೇಜರ್ ಕೋಣೆಗೆ ಓಡಿದಳು. "ಸಾರ್, ಉಳಿದ ಮೂರಕ್ಕೂ ಪಟ್ಟಿ ಹಾಕಿಸಿಬಿಡಿ. ಇವತ್ತೇ."

"ಯಾಕಮ್ಮ?"

"ಸಂದು ಇಪ್ಪತ್ತೆರಡಿದೆ ಸಾರ್."

"ಎಲ್ಲಿದೆ? ನಕ್ಷೆಯಲ್ಲಿ ಆರಿದೆ. ತನಿಖೆಯವರೂ ಒಪ್ಪಿ ಸಹಿ ಹಾಕಿದಾರೆ. ಸರಿ ಇರೋದನ್ನ ಈಗ ಸರಿಮಾಡಿದ್ರೆ ನೋಡಿದವರು ಏನಂತಾರೆ?" ಅವರು ದನಿ ಏರಿಸಲಿಲ್ಲ. "ಆಮೇಲೆ ನೀನೂ ಇರಲ್ಲ, ನಿಮ್ಮತ್ತಿಗೆನೂ ಇರಲ್ಲ."

ಅವಳು ಮೆಟ್ಟಿಲಿಳಿದು ಕೆಳಗೆ ಹೋದಳು. ಹೇಳಿಬಿಡಬೇಕು ಎಂದೇ ಹೋದಳು. ಪ್ರೆಸ್ಸುಗಳ ಸದ್ದಿಗೆ ನೆಲ ಅದುರುತ್ತಿತ್ತು. ಅವಳನ್ನು ಕಂಡು ಅತ್ತಿಗೆಯ ಮುಖ ಅರಳಿತು. ಎಷ್ಟೋ ದಿನದ ಮೇಲೆ ಅರಳಿತ್ತು.

"ನಂಗೆ ಮೊದಲು ಭಯ ಆಗಿತ್ತು ಕಣೆ" ಎಂದು ಅತ್ತಿಗೆ ಕೂಗಿ ಹೇಳಿದಳು. "ಗಾರ್ಡ್ ನೀನೇ ಬರೆದಿದ್ದಂತೆ, ಈಗ ನಾಲ್ಕಕ್ಕೂ ಆರೇ ಮಿಲಿಮೀಟರ್ ಮಾಡಿದಾರಂತೆ, ಮ್ಯಾನೇಜರ್ ಹೇಳಿದ್ರು. ಅಂದ್ಮೇಲೆ ಇನ್ನೇನು."

ಅಳತೆಯಮ್ಮ ಬಾಯಿ ತೆರೆದಳು. ಮಡಿಲಿಗೆ ಬಿದ್ದ ಅನ್ನ ನೆನಪಾಯಿತು.

"ಹುಷಾರು ಅತ್ತಿಗೆ" ಎಂದಳು, ಅಷ್ಟೇ.

ಅತ್ತಿಗೆ ತಲೆಯಾಡಿಸಿ ಯಂತ್ರದ ಕಡೆ ತಿರುಗಿದಳು. ತಗಡು ಸಂದಿನೊಳಗೆ ಹೋಯಿತು. ಅದರ ಜೊತೆ ಅವಳ ಬೆರಳುಗಳೂ ಹೋದವು, ಹೊರಗೆ ಬಂದವು. ಇನ್ನೊಂದು ತಗಡು ತೆಗೆದುಕೊಂಡಳು.