ತಳದಲ್ಲಿದ್ದ ಪ್ರೊಫೈಲ್

ಮಾವನ ಅಂಗಡಿಯಲ್ಲಿ ನಾನು ಫೋನುಗಳ ಗಾಜು ಬದಲಿಸುತ್ತೇನೆ. ಗಿರಾಕಿಗಳ ಜೊತೆ ಮಾತು ಮಾವನದು, ಸ್ಕ್ರೂ ತಿರುಗಿಸುವುದು ನನ್ನದು. ನನಗೆ ಹಾಗೇ ಹಿತ.

ತಾತನಿಗೆ, ಎಂದರೆ ಮಾವನ ಅಪ್ಪನಿಗೆ, ಈಚೆಗೆ ದಾರಿ ಮರೆಯುತ್ತಿತ್ತು. ಅದಕ್ಕೇ ಅವರ ಕೋಟಿನ ಒಳಜೇಬಿನಲ್ಲಿ ಒಂದು ಬಿಲ್ಲೆ ಇಟ್ಟು ಹೊಲಿದಿದ್ದೆವು. ತಾತ ಎಲ್ಲಿದ್ದಾರೆಂದು ಅದು ಮಾವನ ಫೋನಿನಲ್ಲಿ ಚುಕ್ಕೆಯಾಗಿ ತೋರಿಸುತ್ತದೆ. ತೆಗೆದು ಹಾಕುವ ಸಿಮ್ ಅದಕ್ಕಿಲ್ಲ. ಕಿರುಬೆರಳಿನ ಉಗುರಿಗಿಂತ ಚಿಕ್ಕ ಚಿಪ್ ಒಳಗೇ ಬೆಸೆದಿದೆ. ಯಾವ ಕಂಪನಿಯ ನೆಟ್‌ವರ್ಕ್ ಬೇಕೋ ಆ ಕಂಪನಿಯ ಪ್ರೊಫೈಲ್, ಎಂದರೆ ಸಿಮ್ಮಿನಲ್ಲಿರುವ ಗುರುತಿನ ಮಾಹಿತಿ, ಗಾಳಿಯಲ್ಲೇ ಬಂದು ಅದರೊಳಗೆ ಕೂರುತ್ತದೆ.

ಮಾವ ಈಚೆಗೆ ಸೇರಿದ ಹೊಸ ಮನೆಯ ಹತ್ತಿರ ಹಳೆಯ ಕಂಪನಿಯ ಸಿಗ್ನಲ್ ಕುಂಟುತ್ತಿತ್ತು. ಒಂದು ಮಧ್ಯಾಹ್ನ ಮಾವ ಅಂಗಡಿಯಲ್ಲೇ ಕೂತು ಕಂಪನಿ ಬದಲಿಸಲು ಹೊರಟರು. ಸಿಮ್ ಬದಲಿಸಿಯೇ ಪಳಗಿದ ಕೈ: ಮೊದಲು ಹಳೆಯದನ್ನು ತೆಗೆ, ಆಮೇಲೆ ಹೊಸದನ್ನು ಹಾಕು. ಹಾಗೇ ಹಳೆಯ ಪ್ರೊಫೈಲನ್ನು ಅಳಿಸಿದರು. ಚುಕ್ಕೆ ಆರಿತು. ಹೊಸದು ಇಳಿದು ಬರಬೇಕಾದ್ದು ಹಳೆಯದರ ಸಿಗ್ನಲ್ಲಿನ ದಾರಿಯಲ್ಲೇ ಎಂಬುದು ಆಮೇಲೆ ಹೊಳೆಯಿತು.

"ಕೂತ ಕೊಂಬೇನೇ ಕಡಿದ್ನಲ್ಲೇ!" ಎಂದು ಮಾವ ಹಣೆ ಚಚ್ಚಿಕೊಂಡರು.

ಅಷ್ಟರಲ್ಲಿ ಅತ್ತೆಯ ಫೋನ್. "ರೀ, ನಿಮ್ಮಪ್ಪ ಮನೇಲಿಲ್ಲ, ಬಾಗಿಲು ಹಾರು ಹೊಡೆದಿದೆ. ಎಲ್ಲಿದ್ದಾರೆ ನೋಡಿ ಸ್ವಲ್ಪ."

ಮಾವನ ಮುಖ ಸುಣ್ಣವಾಯಿತು. ಬಿಲ್ಲೆ ಮಾಡಿದವರ ಸಹಾಯವಾಣಿಗೆ ಕರೆ ಹಚ್ಚಿ ಫೋನನ್ನು ನನ್ನ ಕೈಗಿತ್ತರು. "ನೀನೇ ಮಾತಾಡು ತಾಯಿ, ನನ್ನ ನಾಲಿಗೆ ಹೊರಳ್ತಿಲ್ಲ."

ನಡೆದದ್ದೆಲ್ಲ ಹೇಳಿದೆ. ಆಚೆಗಿದ್ದ ಹೆಂಗಸು ಗದರಲಿಲ್ಲ. "ಏನೂ ಮುಟ್ಟಬೇಡಿಮ್ಮ. ತಳದಲ್ಲಿ ಇನ್ನೊಂದು ಪ್ರೊಫೈಲ್ ಇದೆ, ಕಾರ್ಖಾನೇಲೇ ಹಾಕಿದ್ದು. ಬೇರೆ ಪ್ರೊಫೈಲ್ ಯಾವ್ದೂ ಇಲ್ಲ ಅಂದಾಗ ತಾನೇ ಏಳತ್ತೆ, ಸಿಕ್ಕಿದ ಟವರಿನ ಕದ ತಟ್ಟತ್ತೆ."

"ಗುರುತಿಲ್ಲದೋರನ್ನ ಟವರ್ ಒಳಗೆ ಬಿಡತ್ತಾ?"

"ಒಂದು ಪ್ರಶ್ನೆ ಕೇಳತ್ತೆ. ಪ್ರೊಫೈಲಿನಲ್ಲಿ ಗುಟ್ಟಿನ ಕೀ ಇರತ್ತೆ, ಅದರಿಂದ ಚಿಪ್ ಉತ್ತರ ಕಟ್ಟಿ ಕಳಿಸತ್ತೆ. ಕೀ ಮಾತ್ರ ಎಂದೂ ಹೊರಗೆ ಬರಲ್ಲ. ಉತ್ತರ ಸರಿಯಿದ್ರೆ ಸೇರಿಸ್ಕೊಳ್ತಾರೆ."

ಶಟರ್ ಎಳೆದು ಬೀದಿಗಿಳಿದೆವು. ಮಾವ ಕಂಡಕಂಡವರನ್ನು ಕೇಳುತ್ತ ಮುಂದೆ ಓಡುತ್ತಿದ್ದರು. ಅವರ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಾನು ಹಿಂದೆ. ನೀರಿನ ಟ್ಯಾಂಕಿನ ಮೇಲೆ ಒಂದು ಟವರ್, ಬ್ಯಾಂಕಿನ ತಾರಸಿಯಲ್ಲಿ ಇನ್ನೊಂದು. ದಿನಾ ಅವುಗಳ ಕೆಳಗೇ ನಡೆದಿದ್ದೇನೆ, ತಲೆಯೆತ್ತಿ ನೋಡಿದ್ದು ಅವತ್ತೇ. ಎಲ್ಲೋ ಒಬ್ಬ ಮುದುಕರ ಎದೆಯ ಬಳಿ, ಅವರಿಗೇ ತಿಳಿಯದಂತೆ ಒಂದು ಚೂರು ಎದ್ದು ಕೂತು, ಗೋಡೆಗಳನ್ನು, ಬಸ್ಸುಗಳನ್ನು, ಈ ಇಡೀ ಗದ್ದಲವನ್ನು ದಾಟಿ "ನಾನಿದ್ದೇನೆ" ಎನ್ನಬೇಕು. ಲಕ್ಷಾಂತರ ದನಿಗಳ ನಡುವೆ ಟವರ್ ಅದೊಂದನ್ನು ಕೇಳಿಸಿಕೊಳ್ಳಬೇಕು. ಬೀದಿಯಲ್ಲಿ ಯಾರ ಕಿವಿಗೂ ಏನೂ ಬೀಳುತ್ತಿರಲಿಲ್ಲ. ನನಗೆ ಮೈ ಜುಮ್ಮೆಂದಿತು.

ಚುಕ್ಕೆ ಮೂಡಿತು.

"ಮಾವ! ರೈಲ್ವೆ ಗೇಟ್ ಹತ್ರ!" ನಾನು ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು. "ಹೊಸ ಪ್ರೊಫೈಲ್ ಇಳಿಸ್ಲಾ?"

"ಮೊದಲು ಅಪ್ಪನ್ನ ಹಿಡಿಯೋಣ ನಡಿಯೇ!"

ತಾತ ಗೇಟಿನ ಪಕ್ಕದ ಬೆಂಚಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದರು. ಏದುಸಿರು ಬಿಡುತ್ತಿದ್ದ ನಮ್ಮನ್ನು ಮೇಲಿಂದ ಕೆಳಗೆ ನೋಡಿದರು.

"ಏನೋ ಇದು, ಹೀಗ್ ಓಡ್ತಿದ್ದೀರಿ? ಯಾರಾದ್ರೂ ಕಳೆದುಹೋದ್ರಾ?"

ಮಾವ ಅವರ ಕೈ ಹಿಡಿದುಕೊಂಡರು. "ಹೂಂ ಅಪ್ಪ. ಸಿಕ್ಕಿದ್ರು."

ತಾತ ಸರಿದು ನಮಗೂ ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು.