ಅಮ್ಮ ಬಾಯಿಬಿಟ್ಟೇ ಹೇಳಿದ್ದಳು

ಲಾಂಡ್ರಿ ಮಾಲೀಕ ಗರಿಗರಿಯಾಗಿ ಇಸ್ತ್ರಿ ಮಾಡಿಸಿ ತಂದ ಬಿಳಿ ಹೊದಿಕೆಯನ್ನು ಅಮ್ಮನ ಹೆಣದ ಮೇಲೆ ಹೊದಿಸಲು ಬಗ್ಗಿದ್ದನಷ್ಟೆ, ಮಗಳು ಅದನ್ನು ಕಿತ್ತು ಅವನ ಕೈಗೇ ತುರುಕಿದಳು.

“ಇಪ್ಪತ್ತು ವರ್ಷ ನಮ್ಮಲ್ಲಿ ದುಡಿದವಳಮ್ಮ,” ಎಂದ ಅವನು ತಬ್ಬಿಬ್ಬಾಗಿ. “ಒಂದು ದಿನ ಉಸ್ಸಪ್ಪಾ ಅಂದವಳಲ್ಲ.”

“ತುಟಿಪಿಟಕ್ಕೆನ್ನದ ಜೀವ,” ಎಂದು ಸೋದರತ್ತೆ ಮೂಗೊರೆಸಿಕೊಂಡಳು. “ಎಂಥ ತಾಳ್ಮೆ ಅವಳದು.”

ಮಗಳ ಮೈಯೆಲ್ಲ ಉರಿದುಹೋಯಿತು. ತಾಳ್ಮೆಯಂತೆ, ತಾಳ್ಮೆ. ಅಮ್ಮ ಹೇಳಿದ್ದಳು. ತಿಂಗಳು ತಿಂಗಳೂ, ಈ ಮಹಾನುಭಾವರೆಲ್ಲರ ಎದುರೂ, ಬಾಯಿಬಿಟ್ಟೇ ಹೇಳಿದ್ದಳು.

*

ಒಂದು ಮುಟ್ಟಿಗೂ ಇನ್ನೊಂದಕ್ಕೂ ಸರಿಯಾಗಿ ನಡುವೆ ಬರುತ್ತಿತ್ತು ಆ ನೋವು. ಕಿಬ್ಬೊಟ್ಟೆಯ ಬಲಗಡೆ ಯಾರೋ ಹಿಡಿದು ಹಿಂಡಿದ ಹಾಗೆ. ಅಮ್ಮ ಆಗಷ್ಟೇ ಇಸ್ತ್ರಿಯಾದ ಹೊದಿಕೆಯನ್ನು ಮಡಚಿ, ಆ ಬಿಸಿಯನ್ನು ಹೊಟ್ಟೆಗೆ ಒತ್ತಿಕೊಂಡು ನಿಲ್ಲುತ್ತಿದ್ದಳು.

“ಗಿರಾಕಿಗಳ ಬಟ್ಟೆ ಮೈಗೆ ತಗುಲಿಸಬೇಡ ಅಂತ ಎಷ್ಟು ಸಲ ಹೇಳೋದು?” ಎಂದು ಇದೇ ಮಾಲೀಕ ರೇಗುತ್ತಿದ್ದ.

“ಮುಟ್ಟಾದಾಗಲೂ ನೋವು, ಆಗದಾಗಲೂ ನೋವು. ಕೆಲಸಗಳ್ಳಿಗೆ ನೆಪ ಒಂದಾ ಎರಡಾ?” ಇದು ಇದೇ ಸೋದರತ್ತೆಯ ಮಾತು.

ಅಪ್ಪ ಟಿವಿಯಿಂದ ಕಣ್ಣು ಕೀಳದೆ, “ಮಾತ್ರೆ ನುಂಗಿ ಮಲಗು” ಅನ್ನುತ್ತಿದ್ದ. ಬೀದಿ ತುದಿಯ ಡಾಕ್ಟರು ಹೊಟ್ಟೆ ಮುಟ್ಟಿಯೂ ನೋಡದೆ, “ಹೆಂಗಸರಿಗೆ ಇದೆಲ್ಲ ಇದ್ದದ್ದೇ” ಎಂದು ನಿದ್ದೆ ಮಾತ್ರೆ ಬರೆದಿದ್ದರು. ಮೊನ್ನೆ ಒಳಗಿದ್ದ ಗಡ್ಡೆ ಒಡೆದು, ಹೊಟ್ಟೆಯೊಳಗೆ ರಕ್ತ ತುಂಬಿ, ದೊಡ್ಡಾಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು.

*

ಮಣ್ಣು ಮಾಡಿ ಹಿಂದಿರುಗುವಾಗ ಮಗಳು ಸ್ಮಶಾನದ ಗೇಟಿನ ಕಂಬ ಹಿಡಿದು ಕುಸಿದಳು.

“ಅತ್ತುಬಿಡು ಮಗಳೇ,” ಎಂದು ಸೋದರತ್ತೆ ಬೆನ್ನು ಸವರಿದಳು.

“ಅಳು ಬರ್ತಿಲ್ಲ ಅತ್ತೆ. ಹೊಟ್ಟೆ ನೋಯ್ತಿದೆ. ಅಮ್ಮನಿಗೆ ಬರ್ತಿತ್ತಲ್ಲ, ಹಾಗೇ. ಐದು ತಿಂಗಳಾಯ್ತು.”

“ಎರಡು ದಿನದಿಂದ ಏನೂ ತಿಂದಿಲ್ಲ, ಅದಕ್ಕೇ. ನಿಮ್ಮಮ್ಮನ್ನ ನೋಡು, ಎಷ್ಟು ಸಹಿಸ್ಕೊಂಡ್ಲು...”

“ಸಹಿಸ್ಕೊಂಡ್ಲು, ಸತ್ತಳು. ನಾನು ಸಹಿಸ್ಕೊಳ್ಳಲ್ಲ. ಅಪ್ಪ, ಆಸ್ಪತ್ರೆಗೆ ನಡಿ.”

“ಇವತ್ತಾ? ಮನೆ ತುಂಬ ಜನ ಇದಾರಲ್ಲೇ.”

“ಇದ್ರೆ ಇರ್ಲಿ. ನೀನು ಬರದಿದ್ರೆ ಒಬ್ಬಳೇ ಹೋಗ್ತೀನಿ.”

ಅಪ್ಪ ಕೈಗಂಟಿದ ಹಸಿಮಣ್ಣನ್ನೂ ತೊಳೆಯದೆ ಹಿಂದೆ ಬಂದ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಮಗಳನ್ನು ಮಲಗಿಸಿ, ಹೊಟ್ಟೆ ಒತ್ತಿ ನೋಡಿದರು. ಸ್ಕ್ಯಾನಿಂಗಿಗೆ ಬರೆದರು. ಆಮೇಲೆ ಅಪ್ಪನತ್ತ ತಿರುಗಿದರು.

“ಇವಳ ತಾಯಿಗೂ ಹೀಗೇ ಇತ್ತಂತೆ. ಎಷ್ಟು ವರ್ಷದಿಂದ ಇತ್ತು? ತಿಂಗಳಲ್ಲಿ ಯಾವಾಗ ಬರ್ತಿತ್ತು? ಯಾವ ಕಡೆ?”

ಅಪ್ಪ ಮಗಳ ಮುಖ ನೋಡಿದ. ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಬೇಕೆಂದೇ ಸುಮ್ಮನಿದ್ದಳು.

ಅಪ್ಪನ ಕೈ ತನ್ನದೇ ಹೊಟ್ಟೆಯ ಎಡಕ್ಕೆ ಹೋಯಿತು, ಅನುಮಾನಿಸಿ ಬಲಕ್ಕೆ ಬಂತು, ಬಿಳಿ ಅಂಗಿಯ ಎರಡೂ ಬದಿಗೆ ಮಣ್ಣು ಮೆತ್ತಿ, ನಡುವೆ ಎಲ್ಲೋ ನಿಂತುಬಿಟ್ಟಿತು.