ಖಾಸಿಂಬೀ ಅಂಗಳದ ಗೆರೆ

ಶಾಂಭವಿ ಎರಡು ವರ್ಷದಿಂದ ಸುರಪುರದ ಓಣಿಗಳನ್ನು ನಡೆದು ನೋಡಿ ಮ್ಯಾಪಿಗೆ ಹಾಕುತ್ತಿದ್ದಳು. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಬರೆಯಬಹುದಾದ ಮ್ಯಾಪು, ಸಂಬಳವಿಲ್ಲದ ಕೆಲಸ. ಹತ್ತಿಕುಣಿಯಿಂದ ಬಂದು ಇಲ್ಲಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದವಳಿಗೆ ಸಂಜೆ ಬೇರೆ ಕೆಲಸವಿರಲಿಲ್ಲ, ಮಾತಾಡುವವರೂ ಇರಲಿಲ್ಲ.

ಅವಳಂತೆಯೇ ಮ್ಯಾಪು ಬರೆಯುವ ಯಾದಗಿರಿಯ ಭೀಮಾಶಂಕರ ಹೊಸದಾಗಿ ಒಂದು ಸರ್ಕಾರಿ ಸರ್ವೆಯ ಮಾಹಿತಿಯನ್ನು ತಂದು ಅದೇ ಮ್ಯಾಪಿಗೆ ಸೇರಿಸುತ್ತಿದ್ದ. ಅವನನ್ನು ಅವಳು ನೋಡಿರಲಿಲ್ಲ, ಬರೀ ಮೆಸೇಜು. ಅವಳ ಗೆರೆಗೂ ಸರ್ವೆಯ ಗೆರೆಗೂ ತಾಳೆಯಾಗದ ಹತ್ತೊಂಬತ್ತು ಜಾಗಗಳ ಪಟ್ಟಿ ಕಳಿಸಿ, ಹೋಗಿ ನೋಡಿ ಯಾವುದು ಸರಿ ಹೇಳಿ ಎಂದಿದ್ದ. ಹದಿನೆಂಟು ಕಡೆ ತಪ್ಪು ಅವಳದೇ. ಗುಡ್ಡದ ಬಂಡೆಗಳ ನಡುವೆ ಫೋನು ಅವಳು ನಿಂತ ಜಾಗವನ್ನು ಒಂದು ಮನೆಯಷ್ಟು ಆಚೆ ತೋರಿಸಿತ್ತು. ತಿದ್ದಿದಳು.

ಹತ್ತೊಂಬತ್ತನೆಯದು ಲ್ಯಾಬಿನ ದಾರಿಯಲ್ಲಿದ್ದ ಖಾಸಿಂಬೀಯ ಅಂಗಳ. ಎರಡೂ ತುದಿ ತೆರೆದಿದ್ದ ಆ ಅಂಗಳದಲ್ಲಿ ಹಾದು ಸುತ್ತಲಿನ ಜನವೆಲ್ಲ ಹಿಂದಿನ ಬೀದಿಗೆ ಹೋಗುತ್ತಿತ್ತು. ಶಾಂಭವಿ ಅದನ್ನು ಓಣಿ ಎಂದೇ ಬರೆದಿದ್ದಳು. ಸರ್ವೆಯಲ್ಲಿ ಅದು ಮನೆಯ ಜಾಗ. ದಿನಾ ಎರಡು ಸಲ ಅವಳು ಅಲ್ಲಿ ಹಾಯುವಾಗ ಖಾಸಿಂಬೀ ಮೊರದಲ್ಲಿ ತೊಗರಿಬೇಳೆ ಆರಿಸುತ್ತ, ಇವತ್ತು ಯಾರ ರಕ್ತ ಹೀರಿದಿ ಎಂದು ಕೇಳುತ್ತಿದ್ದಳು. ಲ್ಯಾಬಿನ ಹೊರಗೆ ಶಾಂಭವಿಯ ದಿನದ ಮಾತು ಅಷ್ಟೇ.

ಓಣಿಯೇ ಸರಿ ಎಂದು ಬರೆದಿದ್ದರೆ ಭೀಮಾಶಂಕರ ನಂಬುತ್ತಿದ್ದ. ಆದರೆ ಹಿಂದಿನ ವಾರ ಪಾರ್ಸೆಲ್ಲಿನವನೊಬ್ಬ ಹಾರ್ನು ಹೊಡೆಯುತ್ತ ಅಂಗಳಕ್ಕೆ ಬೈಕು ನುಗ್ಗಿಸಿ, ಖಾಸಿಂಬೀ ಬೈದರೆ ಫೋನಿನ ಮ್ಯಾಪಿನಲ್ಲಿದ್ದ ಓಣಿ ತೋರಿಸಿದ್ದ. ಅದಕ್ಕೇ ಶಾಂಭವಿ ಖಾಸಿಂಬೀಯನ್ನೇ ಕೇಳಿದಳು.

“ಖಾಲಾ, ಇದು ನಿಮ್ಮ ಅಂಗಳನೋ, ಓಣಿನೋ?”

“ಯಾಕ, ದಾರೀಗಿ ಬಾಡಿಗಿ ಕೊಡಾಕಿ ಏನು?” ಖಾಸಿಂಬೀ ನಕ್ಕಳು.

ಒಳಗಿದ್ದ ಮಗ ಅಬ್ರಾರ ಹೊರಗೆ ಬಂದ. ಶಾಂಭವಿ ಎಲ್ಲವನ್ನೂ ಹೇಳಿ ಮ್ಯಾಪು ತೋರಿಸಿದಳು. ಅವನು ಬಹಳ ಹೊತ್ತು ನೋಡಿದ.

“ಇದನ್ನ ಬರದಾಕಿ ನೀವೇನ್ರಿ?”

“ಹೌದ್ರಿ.”

“ಬಿಡೋ, ಹೆಣ್ಣಮಗಳು ಅಡ್ಡಾಡ್ತಾಳ,” ಎಂದಳು ಖಾಸಿಂಬೀ.

“ಅಡ್ಡಾಡಿದ್ದಕ್ಕ ಅಲ್ಲಮ್ಮಾ. ಬರದಿದ್ದಕ್ಕ. ಇವತ್ತು ಬೈಕು ಬಂತು, ನಾಳಿ ಇದು ರಸ್ತೆನೇ ಅಂತ ಯಾರರೆ ಜಗಳಕ್ಕ ನಿಂತ್ರ?”

ಶಾಂಭವಿ ಅವನೆದುರೇ ಗೆರೆ ಅಳಿಸಿದಳು. ಸರ್ವೆಯೇ ಸರಿ ಎಂದು ಭೀಮಾಶಂಕರನಿಗೆ ಬರೆದಳು. ಅವನು ಹೆಬ್ಬೆರಳಿನ ಚಿತ್ರ ಕಳಿಸಿದ.

ಎಂಟು ದಿನದಲ್ಲಿ ಅಂಗಳದ ಎರಡೂ ತುದಿಗೆ ಕಬ್ಬಿಣದ ಗೇಟು ಬಂತು. ಚಿಲಕ ಒಳಗಡೆ. ಗೇಟಿನಾಚೆ ಮೊರದ ಸದ್ದು ಕೇಳುತ್ತಿತ್ತು. ಕೂಗಿದರೆ ಖಾಸಿಂಬೀ ತೆಗೆಯುತ್ತಿದ್ದಳು. ಆದರೆ ಕೂಗಿ ಗೇಟು ತೆಗೆಸಲು ಏನಾದರೂ ಕೆಲಸ ಬೇಕು. ಶಾಂಭವಿಗೆ ಯಾವ ಕೆಲಸವೂ ಹೊಳೆಯಲಿಲ್ಲ. ಸ್ವಲ್ಪ ಹೊತ್ತು ನಿಂತು, ಮಸೀದಿ ಕಡೆಯಿಂದ ಸುತ್ತಿಕೊಂಡು ಲ್ಯಾಬಿಗೆ ಹೋದಳು.